ಒತ್ತಿದ ಕೈ

"ಒತ್ತಿ ಅತ್ತೆ, ಏನೂ ಆಗಲ್ಲ," ಎಂದಳು ಶರ್ಮಿಳಾ.

ಹುಚ್ಚಮ್ಮ ರೊಟ್ಟಿ ತಟ್ಟುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಲೆಕಟ್ಟೆಯ ಮೇಲೆ ಡಬ್ಬಿಗೆ ಒರಗಿಸಿಟ್ಟಿದ್ದ ಫೋನಿನ ಮುಂದೆ ಬಗ್ಗಿದಳು. ಅದರಲ್ಲೊಂದು ತೆಂಗಿನ ಮರದ ಚಿತ್ರ. ಗರಿಗಳೆಲ್ಲ ಸೋತು ಜೋತುಬಿದ್ದಿದ್ದವು. ಪಾತಿಯಲ್ಲಿ ತೇವ ಆರಿದೆ, ಮೋಟಾರು ಹಾಕಿ ಎನ್ನುವುದಕ್ಕೆ ಅದೇ ಗುರುತು. ಸೊಸೆ ಇನ್ನೊಂದು ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದಾಳೆಂಬುದು ಗೊತ್ತಿದ್ದರಿಂದ ಹುಚ್ಚಮ್ಮ ಮೊದಲು ಮುಂಗೂದಲು ಸರಿಮಾಡಿಕೊಂಡಳು. ಆಮೇಲೆ ತೋರುಬೆರಳಿನಿಂದ ಮರವನ್ನು ಒತ್ತಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಮತ್ತೆ ಗರಿಗಳು ಒಂದರ ಹಿಂದೊಂದು ಎದ್ದು ನಿಂತವು.

"ಅಯ್ಯೋ, ಎದ್ ನಿಂತ್ಕಂತು ನೋಡೇ! ಕೂತ ಕಡೆಯಿಂದ್ಲೇ ತೋಟಕ್ಕೆ ನೀರು ಬಿಟ್ಟೆ ಕಣೇ ನಾನು!" ಎಂದು ಹುಚ್ಚಮ್ಮ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಶರ್ಮಿಳಾ ಆ ನಗುವನ್ನು ಪೂರ್ತಿ ತುಂಬಿಕೊಂಡು, ಕಡೂರಿನ ತನ್ನ ಆಫೀಸಿನ ರಾಜಶೇಖರ್ ಸರ್‌ಗೆ ಕಳಿಸಿಬಿಟ್ಟಳು. ಹೆಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿ ಹಾಕಿದಳು.

ಆ ರೊಟ್ಟಿ ಬೇಯುವಷ್ಟರಲ್ಲಿ ಪಕ್ಕದ ತೋಟದ ಪಂಚಾಕ್ಷರಪ್ಪ ಬೈಕಿನಲ್ಲಿ ಬಂದು, ಬೈಕು ನಿಲ್ಲಿಸದೆಯೇ ಕೂಗಿದ: "ಹುಚ್ಚಕ್ಕಾ, ಕೆಂಚಣ್ಣಂಗೆ ಕರೆಂಟ್ ಹೊಡೆದೈತೆ! ಗಾಡಿ ಕರಿಸ್ರೋ!"

ಹುಚ್ಚಮ್ಮನ ಗಂಡ ಕೆಂಚಪ್ಪ ಸಾಯಲಿಲ್ಲ. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಹೊಡೆತಕ್ಕೆ ಹಿಂದಕ್ಕೆ ಎಸೆದುಬಿಟ್ಟಿತು, ಹಾಗಾಗಿ ಬದುಕಿದ ಎಂದರು. ಕೊಳವೆಬಾವಿಯ ಬಾಯಿಯ ಹತ್ತಿರ ಕೇಬಲ್ಲಿನ ಜಾಯಿಂಟಿಗೆ ಸುತ್ತಿದ್ದ ಟೇಪು ಬಿಚ್ಚಿಕೊಂಡಿತ್ತು. ಮೋಟಾರು ನಿಂತಿರುವುದನ್ನು ನೋಡಿಕೊಂಡೇ ಅವನು ಹೊಸ ಟೇಪು ಸುತ್ತಲು ಕೂತಿದ್ದ. ಬಲಗೈ ಅಂಗೈ ಸುಟ್ಟು ಕಪ್ಪಾಗಿತ್ತು. ಕಡೂರಿನ ಆಸ್ಪತ್ರೆಯಲ್ಲಿ ಪಟ್ಟಿ ಸುತ್ತಿ, ಎದೆಯ ಬಡಿತ ನೋಡಲು ಕೆಲವು ದಿನ ಇರಿಸಿಕೊಂಡು, ಮನೆಗೆ ಕಳಿಸಿದರು.

ಆಸ್ಪತ್ರೆಯ ನೀರಿನ ತೊಟ್ಟಿಯ ಪಕ್ಕ, ಯಾರೂ ಇಲ್ಲದ ಹೊತ್ತಿನಲ್ಲಿ, ಹುಚ್ಚಮ್ಮ ಸೊಸೆಯ ಮಣಿಕಟ್ಟು ಹಿಡಿದುಕೊಂಡಳು.

"ನಾನೇ ಅಲ್ವೇನೇ?"

ಶರ್ಮಿಳಾ ತನ್ನ ಇನ್ನೊಂದು ಕೈಯನ್ನು ಅತ್ತೆಯ ಕೈಮೇಲಿಟ್ಟಳು.

"ಯಾರ್ಗೂ ಹೇಳ್ಬ್ಯಾಡ ಕಣೇ. ಹೆಂಡ್ತಿನೇ ಗಂಡಂಗೆ ಕರೆಂಟ್ ಇಟ್ಳು ಅಂತಾರೆ ಊರಲ್ಲಿ. ನಿನ್ ಕಾಲಿಗ್ ಬೀಳ್ತೀನಿ."

"ಬಿಡಿ ಅತ್ತೆ, ಒತ್ತಿ ಅಂದೋಳು ನಾನು."

"ಒತ್ತಿದ ಕೈ ನಂದಲ್ವಾ," ಎಂದಳು ಹುಚ್ಚಮ್ಮ. ಆ ಕೈಯನ್ನು ಬೇರೆ ಯಾರದೋ ಎನ್ನುವ ಹಾಗೆ ನೋಡಿಕೊಂಡಳು.

ಆ ಆ್ಯಪಿಗೆ 'ಹನಿ' ಎಂದು ಹೆಸರಿಟ್ಟವಳು ಶರ್ಮಿಳಾಳೇ. ತೆಂಗಿನ ಪಾತಿಯ ಮಣ್ಣಿನಲ್ಲಿ ಹೂತ ಒಂದು ಕಡ್ಡಿ ತೇವವನ್ನು ನೋಡಿ ಫೋನಿಗೆ ತಿಳಿಸುತ್ತದೆ. ಫೋನಿನಿಂದಲೇ ಮೋಟಾರು ಹಾಕಬಹುದು. ಸಾಕಾದಷ್ಟು ನೀರು ಹರಿದ ಮೇಲೆ ಅದೇ ನಿಲ್ಲುತ್ತದೆ. ಪಂಚನಹಳ್ಳಿ, ಹಿರೇನಲ್ಲೂರು ಕಡೆ ಕರೆಂಟು ಬಂದ ಕೂಡಲೇ ಮೋಟಾರು ಹಾಕಿ, ಹೋಗುವ ತನಕ ಬಿಡುವುದು ರೂಢಿ. ಪಾತಿ ತುಂಬಿ ದಾರಿಗೆ ಹರಿದರೂ ಯಾರೂ ಏಳುತ್ತಿರಲಿಲ್ಲ. ಭೂಮಿಯೊಳಗಿನ ನೀರು ಇನ್ನೊಂದಿಷ್ಟು ಕಾಲ ಬರಲಿ ಎಂಬ ಆಸೆಯಿಂದ ಹುಟ್ಟಿದ ಕೆಲಸ ಅದು. ಬಳಸುವವರ ಕಡೆಯಿಂದ ಶುರುಮಾಡಬೇಕು, ನಮ್ಮ ಕಡೆಯಿಂದಲ್ಲ ಎಂದು ಅವಳು ಕಾಲೇಜಿನಲ್ಲಿ ಕಲಿತಿದ್ದಳು. ಹಾಗೇ ಮಾಡಿದ್ದಳು. ಹತ್ತಾರು ಮನೆಗಳಿಗೆ ಹೋಗಿ, ಹೆಂಗಸರ ಜೊತೆ ಕೂತು, ಕಾಗದದ ಮೇಲೆ ಚಿತ್ರ ಬರೆದು, "ಎಲ್ಲಿ ಒತ್ತಬೇಕು ಅನ್ಸುತ್ತೆ?" ಎಂದು ಕೇಳಿದ್ದಳು. ಮೊದಲು ಬರೆದದ್ದರಲ್ಲಿ ಅಕ್ಷರ, ಅಂಕಿ ತುಂಬಿದ್ದವು. ಹುಚ್ಚಮ್ಮ ನೋಡಿ, "ಇದೇನ್ ಪಂಚಾಂಗನಾ?" ಎಂದು ಪಕ್ಕಕ್ಕಿಟ್ಟಿದ್ದಳು. ಆಗ ಹುಟ್ಟಿದ್ದೇ ಈ ಮರ. ಓದು ಬಾರದ ಅತ್ತೆ ಒತ್ತಿದರೆ ಯಾರು ಬೇಕಾದರೂ ಒತ್ತಬಲ್ಲರು ಎಂದು ಶರ್ಮಿಳಾ ಖುಷಿಪಟ್ಟಿದ್ದಳು. ಈಗ ಅದೇ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು. ಯಾರು ಬೇಕಾದರೂ ಒತ್ತಬಲ್ಲರು.

ಕೆಂಚಪ್ಪ ಮನೆಗೆ ಬಂದ ಮೊದಲ ದಿನವೇ ಊಟಕ್ಕೆ ಕೂತವನು ಕೇಳಿದ: "ನನ್ ಟವೆಲ್ ಯಾರ್ ತೆಗೆದ್ರು?"

ಹಿರಿಯ ಮಗ, ಶರ್ಮಿಳಾಳ ಗಂಡ ಭೈರೇಶ ತಲೆಯೆತ್ತಿದ. ಅವನು ಕಡೂರಿನಿಂದ ತರೀಕೆರೆಗೆ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಅಪ್ಪನಿಗೆಂದು ಆ ದಿನ ಬೇಗ ಬಂದಿದ್ದ. "ಯಾವ್ ಟವೆಲ್ ಅಪ್ಪಾ?"

"ಸ್ಟಾರ್ಟರ್ ಡಬ್ಬಿ ಮೇಲೆ ಹಾಕಿದ್ದು ಕಣೋ. ನಾನು ಲೈನ್ ಮುಟ್ಟೋ ಮುಂಚೆ ಡಬ್ಬಿಗೆ ಟವೆಲ್ ಹೊದ್ಸಿ ಹೋಗ್ತೀನಿ. ಅದಿತ್ತು ಅಂದ್ರೆ ಯಾರೂ ಗುಂಡಿ ಒತ್ತಂಗಿಲ್ಲ. ನಮ್ಮಪ್ಪನ ಕಾಲದಿಂದ ಹಂಗೇ. ಈ ಮನೇಲಿ ಯಾರಿಗ್ ಗೊತ್ತಿಲ್ಲ ಅದು?"

ಶರ್ಮಿಳಾಳ ಕೈಯಲ್ಲಿದ್ದ ಸಾರಿನ ಸೌಟು ಪಾತ್ರೆಯ ಅಂಚಿಗೆ ತಾಗಿ ಸದ್ದಾಯಿತು. ಅವಳಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಬಂದು ಮೂರನೇ ವರ್ಷ, ಮೋಟಾರು ಮನೆಯ ಮುಂದೆ ಸುಮ್ಮನೆ ಒಂದು ದಿನ ನಿಂತು ನೋಡಿರಲಿಲ್ಲ. ಅಡುಗೆಮನೆಯಲ್ಲಿ ಕೂತು ಕೇಳಿದ್ದಳು. ಕೇಳಿದ್ದಕ್ಕೆಲ್ಲ ಇವರು ಉತ್ತರ ಹೇಳಿದ್ದರು.

"ನಾನ್ ಬಿದ್ದಾಗ ಟವೆಲ್ ಕೆಳಗ್ ಬಿದ್ದಿತ್ತು, ಕಣ್ಣಾರೆ ನೋಡ್ದೆ," ಎಂದ ಕೆಂಚಪ್ಪ. "ಯಾರೋ ತೆಗೆದು ಒತ್ತವ್ರೆ. ಇಲ್ಲಾ ಆ ಫೋನಲ್ಲಿ ಏನಾರ ಆಯ್ತಾ?"

"ಫೋನು ಚಾರ್ಜಿಗೆ ಹಾಕಿತ್ತು," ಎಂದಳು ಹುಚ್ಚಮ್ಮ. ಪ್ರಶ್ನೆ ಮುಗಿಯುವ ಮುಂಚೆಯೇ ಎಂದಳು.

ಕೆಂಚಪ್ಪ ಒಂದು ಗುಕ್ಕು ನುಂಗಿದ. ಅವನ ಬಲಗೈ ಪಟ್ಟಿಯೊಳಗಿತ್ತು. ಹುಚ್ಚಮ್ಮನೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಡುತ್ತಿದ್ದಳು. ಮದುವೆಯಾದಾಗಿನಿಂದ ಹೆಂಡತಿಯ ಮುಂದೆ ಬಾಯಿ ತೆರೆದು ಕೂತವನಲ್ಲ. ಅವನಿಗೆ ನಾಚಿಕೆ.

"ಹಂಗಾರೆ ಹೊನ್ನೇಶನೇ," ಎಂದ.

ಕಿರಿಯ ಮಗ ಹೊನ್ನೇಶ ಬಾಗಿಲ ಹತ್ತಿರ ಕೂತು ಉಣ್ಣುತ್ತಿದ್ದ. "ನಾನಾ?"

"ಹಿಂದಿನ ದಿನ ಏನಂದೆ ನೀನು? ನನ್ ಟೊಮೇಟೊ ಒಣಗ್ತಾ ಐತೆ, ಮೊದ್ಲು ಅದಕ್ಕೆ ನೀರ್ ಬಿಡ್ತೀನಿ ಅನ್ಲಿಲ್ವಾ? ಬೆಳಿಗ್ಗೆ ನಿನ್ ಬೈಕು ತೋಟದ್ ದಾರೀಲಿ ನೋಡಿದ್ನಂತೆ ಪಂಚಾಕ್ಷರಪ್ಪ."

"ಬೈಕಲ್ಲಿ ಗೊಬ್ಬರ ಹಾಕ್ಕಂಡ್ ಹೋದೆ. ಮೋಟಾರ್ ಮನೆ ತಾವ ಹೋಗಿಲ್ಲ."

"ದೇವ್ರಾಣೆ?"

"ಅಪ್ಪನ್ನ ಸಾಯ್ಸಿ ಟೊಮೇಟೊ ಬೆಳಿಬೇಕಾ ನಾನು? ಆಣೆ ಬೇರೆ ಇಡ್ಬೇಕಾ?" ಹೊನ್ನೇಶ ತಟ್ಟೆಯಲ್ಲೇ ಕೈ ತೊಳೆದುಬಿಟ್ಟ. ಮುದ್ದೆ ಅರ್ಧ ಉಳಿದಿತ್ತು. "ಹೇಳವ್ವಾ ನೀನಾದ್ರೂ. ನಾನ್ ಅಂಥೋನಾ?"

ಹುಚ್ಚಮ್ಮ ಮುಂದಿನ ತುತ್ತನ್ನು ಉಂಡೆ ಮಾಡಿದಳು, ಮತ್ತೆ ಮುರಿದಳು, ಮತ್ತೆ ಉಂಡೆ ಮಾಡಿದಳು.

ಹೊನ್ನೇಶ ಎದ್ದು ಹೋದ. ಅವತ್ತಿನಿಂದ ಅವನ ಊಟ ಪಂಚನಹಳ್ಳಿ ಬಸ್ ಸ್ಟಾಪಿನ ಹೋಟೆಲಿನಲ್ಲಿ, ಮಲಗುವುದು ಟೊಮೇಟೊ ಹೊಲದ ಶೆಡ್ಡಿನಲ್ಲಿ.

ಶರ್ಮಿಳಾ ಗಂಡನಿಗೆ ಎಲ್ಲವನ್ನೂ ಹೇಳಿದಳು. ಗೂಡ್ಸ್ ಗಾಡಿಯಲ್ಲಿ ಅವನ ಪಕ್ಕ ಕೂತು ಕಡೂರಿಗೆ ಹೋಗುವಾಗ, ಇಂಜಿನ್ನಿನ ಸದ್ದಿಗೆ ಮಾತು ಸ್ವಲ್ಪ ಮರೆಯಾಗಲೆಂದು ಅಲ್ಲೇ ಹೇಳಿದಳು. ಭೈರೇಶ ಮುಂದಿದ್ದ ಎತ್ತಿನ ಗಾಡಿಯನ್ನು ದಾಟಿಕೊಂಡು ಹೋದ.

"ಅಪ್ಪಂಗೆ ಹೇಳ್ಬಾರ್ದು," ಎಂದ ಕೊನೆಗೆ.

"ಹೊನ್ನೇಶ ಹೊಲದಲ್ಲಿ ಮಲಗ್ತಾ ಇದ್ದಾನೆ ರೀ."

"ಅವನು ಗಂಡಸು, ನಾಕ್ ದಿನ ಬೈಸ್ಕೊಂಡ್ರೆ ಏನಾಯ್ತು? ಅವ್ವಂದು ಹಂಗಲ್ಲ. ಗೊತ್ತಾದ್ರೆ ಅವ್ವ ಆ ಮನೇಲಿ ತಲೆ ಎತ್ತಲ್ಲ."

"ಬೇರೆ ಮನೆಗಳಲ್ಲೂ ಇದೆ ಅದು. ನಮ್ಮ ಹಾಗೇ ಅಲ್ಲೂ ಯಾರೋ ಟವೆಲ್ ಹಾಕಿ ಲೈನು ಹಿಡಿದಿರ್ತಾರೆ. ಮನೆಯೊಳಗೆ ಯಾರೋ ಒತ್ತುತ್ತಾರೆ."

ಭೈರೇಶ ಗೇರು ಬದಲಿಸಿದ. "ಅದನ್ನ ನಿಮ್ ಸರ್‌ಗೆ ಹೇಳು. ಅವ್ವನ ಹೆಸರು ಎತ್ಬ್ಯಾಡ."

ಕಡೂರಿನ ಬಸ್ ನಿಲ್ದಾಣದ ಎದುರು, ಮಹಡಿಯ ಮೇಲಿನ ಒಂದು ರೂಮೇ ಅವರ ಆಫೀಸು. ಮೆಟ್ಟಿಲು ಹತ್ತುವಾಗಲೇ ಅತ್ತೆಯ ನಗು ಕೇಳಿ ಶರ್ಮಿಳಾ ಅರ್ಧದಲ್ಲೇ ನಿಂತಳು. 'ಕೂತ ಕಡೆಯಿಂದ್ಲೇ ತೋಟಕ್ಕೆ ನೀರು ಬಿಟ್ಟೆ ಕಣೇ ನಾನು!' ರಾಜಶೇಖರ್ ಗೋಡೆಯ ಮೇಲೆ ದೊಡ್ಡದಾಗಿ ಆ ವಿಡಿಯೊ ಹಾಕಿಕೊಂಡು ನೋಡುತ್ತಿದ್ದ.

"ಬಾ ಶರ್ಮಿಳಾ. ಮಾವ ಹೇಗಿದಾರೆ? ಈ ಕರೆಂಟಿನವರ ಕಥೆಯೇ ಇಷ್ಟು, ಯಾವಾಗ ಬಿಡ್ತಾರೋ ಯಾವಾಗ ತೆಗೀತಾರೋ. ಇದನ್ನ ಅಜ್ಜಂಪುರದಲ್ಲಿ ತೋರಿಸ್ತೀವಿ ನೋಡು, ಹಾಲ್ ಎದ್ದು ನಿಲ್ಲುತ್ತೆ."

"ಸರ್, ಎಲ್ಲಾ ಮನೆಗಳಲ್ಲೂ ಮೋಟಾರ್ ಹಾಕೋದನ್ನ ಸದ್ಯಕ್ಕೆ ನಿಲ್ಲಿಸಬೇಕು."

ಅವಳು ಟವೆಲಿನ ವಿಷಯ ಹೇಳಿದಳು; ಸ್ಟಾರ್ಟರ್ ಎಳೆದ ಅದುರಿಗೆ ಅದು ಜಾರಿ ಬಿದ್ದಿರಬೇಕು ಎಂದಳು. ಒತ್ತಿದವರು ಯಾರೆಂದು ಮಾತ್ರ ಹೇಳಲಿಲ್ಲ. ಮೊದಲೆಲ್ಲ ಒತ್ತಬೇಕೆಂದರೆ ಡಬ್ಬಿಯ ಹತ್ತಿರ ಬರಲೇಬೇಕಿತ್ತು, ಬಂದವರಿಗೆ ಟವೆಲು ಕಾಣುತ್ತಿತ್ತು, ನಮ್ಮ ಫೋನಿಗೆ ಟವೆಲು ಕಾಣುವುದಿಲ್ಲ, ಯಾರಿಗೆ ಬೇಕಾದರೂ ಆಗಬಹುದು ಎಂದಳು. ರಾಜಶೇಖರ್ ಕೆಟ್ಟವನಲ್ಲ. ಗಮನವಿಟ್ಟು ಕೇಳಿದ. ಆದರೆ ಬರುವ ವಾರ ಅಜ್ಜಂಪುರದಲ್ಲಿ ತೆಂಗು ಬೆಳೆಗಾರರ ಸಭೆ. ಅಲ್ಲಿ ಒಪ್ಪಿದರೆ ಈ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಈ ರೂಮಿಗೆ ಬೀಗ.

"ಸಭೆ ಒಂದು ಮುಗೀಲಿ. ಅಲ್ಲೀ ತನಕ ಮರದ ಕೆಳಗೆ ಒಂದು ಸಾಲು ಹಾಕು. 'ಮೋಟಾರಿನ ಬಳಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ' ಅಂತ."

"ಓದೋಕೆ ಬರಲ್ಲ ಅಂತಲೇ ಮರ ಬರೆದದ್ದು ಸರ್."

ರಾಜಶೇಖರ್ ವಿಡಿಯೊ ನಿಲ್ಲಿಸಿದ. ಎದುರಿಗಿದ್ದ ಟೀ ತಣ್ಣಗಾಗಿತ್ತು, ಅದನ್ನೇ ಕುಡಿದ. "ಒಂದು ವಾರ," ಎಂದ.

ಆ ವಾರ ಶರ್ಮಿಳಾ ಫೋನ್ ಹಿಡಿದೇ ಬದುಕಿದಳು. ಎಲ್ಲೋ ಒಂದು ಮನೆಯಲ್ಲಿ ಮರ ಜೋತುಬಿದ್ದರೆ ಅವಳ ಫೋನಿಗೂ ತಿಳಿಯುತ್ತಿತ್ತು. ತಿಳಿದ ಕೂಡಲೇ ಆ ಮನೆಗೆ ಫೋನ್ ಹಚ್ಚುತ್ತಿದ್ದಳು. ಒಗೆಯುತ್ತಿದ್ದ ಬಟ್ಟೆ ಕಲ್ಲಿನ ಮೇಲೇ ಉಳಿಯುತ್ತಿತ್ತು, ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು. ಹಿರೇನಲ್ಲೂರಿನ ತೀರ್ಥಮ್ಮನಿಗೆ ಹೀಗೇ ಫೋನ್ ಮಾಡಿದಾಗ ಆಕೆ ನಕ್ಕಳು.

"ಏನಮ್ಮಾ, ನಮ್ ತೋಟದ್ ಮೇಲೆ ನಮಗಿಂತ ನಿಂಗೇ ಜಾಸ್ತಿ ಚಿಂತೆ! ನೀರ್ ಬಿಡ್ತೀನಿ ಬಿಡು."

"ಬಿಡೋ ಮುಂಚೆ ಓಂಕಾರಮೂರ್ತಿ ಅಣ್ಣ ಎಲ್ಲಿದಾರೆ ನೋಡಿ ಅಕ್ಕಾ. ಅವರು ಲೈನ್ ಮುಟ್ಟುವಾಗ ಡಬ್ಬಿ ಮೇಲೆ ಏನಾದ್ರೂ ಇಡ್ತಾರಾ?"

"ಚಪ್ಪಲಿ ಇಡ್ತಾರೆ. ಎಡಗಾಲಿಂದು. ಯಾಕೆ?"

"ಆವಾಗ ನಾನು ಬಂದು ಕೂತು ಅಷ್ಟೆಲ್ಲ ಕೇಳಿದ್ನಲ್ಲ ಅಕ್ಕಾ, ಇದೊಂದು ಹೇಳಲಿಲ್ವಲ್ಲ."

"ಅಯ್ಯೋ, ಚಪ್ಪಲಿ ವಿಷ್ಯ ಕಂಪ್ಯೂಟರ್‌ಗೆ ಯಾಕಮ್ಮಾ ಅಂದ್ಕಂಡೆ."

ಇನ್ನೊಂದು ಮನೆಯಲ್ಲಿ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಮತ್ತೊಂದರಲ್ಲಿ ಮಡಕೆಯ ಚೂರು. ಎಲ್ಲರ ಮನೆಯಲ್ಲೂ ಒಂದೊಂದು ಗುರುತಿತ್ತು. ಅದು ಮಾತಿಗೆ ಬರಬೇಕಾದ ಸಂಗತಿಯೆಂದು ಯಾರಿಗೂ ಅನ್ನಿಸಿರಲಿಲ್ಲ. ಒತ್ತಬೇಡಿ, ನಿಲ್ಲಿಸಿಬಿಡಿ ಎಂದರೆ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ಯಾಕೆ? ಏನಾಯ್ತು? ಎಲ್ಲಾಯ್ತು?" ಹೇಳಿದರೆ ಅತ್ತೆಯ ಹೆಸರು ಬರುತ್ತಿತ್ತು; "ಸುಮ್ನೆ, ಸದ್ಯಕ್ಕೆ," ಎನ್ನುತ್ತಿದ್ದಳು. ಕಾರಣವಿಲ್ಲದ ಮಾತನ್ನು ಯಾರು ಕೇಳುತ್ತಾರೆ? "ಚೆನ್ನಾಗೇ ಐತಲ್ಲಮ್ಮಾ," ಎಂದು ಅವರು ಮರವನ್ನು ಒತ್ತುತ್ತಲೇ ಇದ್ದರು.

ಮನೆಯಲ್ಲಿ ಹುಚ್ಚಮ್ಮ ಸ್ವಿಚ್ಚು ಮುಟ್ಟುವುದನ್ನು ಬಿಟ್ಟಿದ್ದಳು. ಮೊದಲಿಗೆ ಯಾರ ಗಮನಕ್ಕೂ ಬರಲಿಲ್ಲ. ಚಟ್ನಿಯನ್ನು ಒರಳಿನಲ್ಲಿ ರುಬ್ಬತೊಡಗಿದಳು. ಸಂಜೆಯಾದರೆ ದೀಪ ಹಾಕದೆ ಅಡುಗೆಮನೆಯಲ್ಲಿ ಒಲೆಯ ಬೆಳಕಿನಲ್ಲೇ ಇರುತ್ತಿದ್ದಳು. ಯಾರಾದರೂ ಬಂದು ಹಾಕಿದರೆ ಬೆಚ್ಚಿ ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಫೋನ್ ಬಡಿದುಕೊಂಡರೆ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದಳು. ಕೆಂಚಪ್ಪನದು ಇನ್ನೊಂದು ಬಗೆ. ತೋಟದ ದಾರಿಯ ತನಕ ಹೋಗುತ್ತಿದ್ದ, ಮೋಟಾರು ಮನೆ ಕಂಡ ಕೂಡಲೇ ಏನೋ ಮರೆತವನ ಹಾಗೆ ಹಿಂತಿರುಗುತ್ತಿದ್ದ. ತೋಟಕ್ಕೆ ನೀರು ಹಾಯಿಸುವುದು ನಿಂತೇ ಹೋಗಿತ್ತು.

ಊಟದ ಹೊತ್ತು ಮಾತ್ರ ತಪ್ಪದೆ ಬರುತ್ತಿತ್ತು. ಅವಳು ತುತ್ತು ಹಿಡಿಯುವಳು, ಅವನು ಬಾಯಿ ತೆರೆಯುವನು.

"ನಿನ್ ಮಗ ಏನಾರ ಅಂದ್ನಾ?" ಎಂದು ಒಂದು ದಿನ ಕೇಳಿದ.

"ಯಾರು?"

"ಅವ್ನೇ, ಟೊಮೇಟೊ."

"ಅವನ್ ಮಾಡಿಲ್ಲ ಬಿಡಿ," ಎಂದಳು ಹುಚ್ಚಮ್ಮ.

"ಮತ್ಯಾರ್ ಮಾಡಿದ್ರು? ದೆವ್ವ ಬಂದು ಒತ್ತೋಯ್ತಾ?"

ತುತ್ತು ಅವಳ ಕೈಯಿಂದ ಜಾರಿ ಅವನ ಪಂಚೆಯ ಮೇಲೆ ಬಿತ್ತು. ಕೆಂಚಪ್ಪ ಬೈಯಲಿಲ್ಲ. ಹೆಂಡತಿಯ ಮುಖವನ್ನೇ ನೋಡಿದ. ಶರ್ಮಿಳಾ ನೀರಿನ ಚೊಂಬು ತರುವ ನೆವದಲ್ಲಿ ಒಳಗೆ ಹೋದವಳು, ಚೊಂಬು ತುಂಬಿ ಹೊರಚೆಲ್ಲಿದರೂ ನಲ್ಲಿ ನಿಲ್ಲಿಸಲಿಲ್ಲ.

ಸಭೆಯ ಹಿಂದಿನ ದಿನ ರಾಜಶೇಖರ್ ಮನೆಗೇ ಬಂದ. ಒಂದು ಪೊಟ್ಟಣ ಸೇಬು ತಂದಿದ್ದ. ಕೆಂಚಪ್ಪನ ಆರೋಗ್ಯ ವಿಚಾರಿಸಿ, ನಾಳೆ ಅಜ್ಜಂಪುರಕ್ಕೆ ಕಾರು ಕಳಿಸುತ್ತೇನೆ, ಅಮ್ಮ ಬಂದು ಎಲ್ಲರ ಮುಂದೆ ಒಮ್ಮೆ ಒತ್ತಿ ತೋರಿಸಬೇಕು ಎಂದ. ನಿಮ್ಮ ತೋಟದ್ದಲ್ಲ, ಹಿರೇನಲ್ಲೂರಿನ ಓಂಕಾರಮೂರ್ತಿಯವರ ತೋಟದ್ದು; ಸಭೆಯಲ್ಲಿ ಒತ್ತಿದರೆ ಅಷ್ಟು ದೂರದಲ್ಲಿ ನೀರು ಬರುವುದನ್ನು ಅಲ್ಲೇ ಗೋಡೆಯ ಮೇಲೆ ತೋರಿಸುತ್ತೇವೆ ಎಂದ.

"ನನ್ ಕೈಲಾಗಲ್ಲ," ಎಂದಳು ಹುಚ್ಚಮ್ಮ ಬಾಗಿಲ ಹಿಂದಿನಿಂದ.

"ಹೋಗಿ ಬಾರೇ," ಎಂದ ಕೆಂಚಪ್ಪ. ಬಹಳ ದಿನದ ಮೇಲೆ ಅವನ ಮುಖದಲ್ಲೊಂದು ಗೆಲುವಿತ್ತು. "ಸೊಸೆ ಕೆಲಸ. ನಾನೂ ಬತ್ತೀನಿ. ನೀನ್ ಸ್ಟೇಜ್ ಹತ್ತೋದನ್ನ ನಾನ್ ನೋಡ್ಬ್ಯಾಡ್ವಾ?"

ಅಜ್ಜಂಪುರದ ಸಭಾಭವನದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಹಿಂದೆ ಉಪ್ಪಿಟ್ಟು ಕೇಸರಿಬಾತಿನ ಘಮ. ಬೆಳೆಗಾರರು ಹೆಗಲ ಟವೆಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೆಂಚಪ್ಪ ಪಟ್ಟಿ ಕಟ್ಟಿದ ಕೈಯನ್ನು ಎದೆಗಾನಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತ, ಪಕ್ಕದಲ್ಲಿ ಭೈರೇಶ. ರಾಜಶೇಖರ್ ನೀರು ಉಳಿಸುವುದರ ಬಗ್ಗೆ ಚೆನ್ನಾಗಿಯೇ ಮಾತಾಡಿದ. ವಿಡಿಯೊ ಹಾಕಿದ. ಅತ್ತೆಯ ನಗು ಭವನದ ತುಂಬ ಮೊಳಗಿತು. ಜನ ಚಪ್ಪಾಳೆ ತಟ್ಟಿದರು. ಮೆಟ್ಟಿಲ ಬಳಿ ನಿಂತಿದ್ದ ಹುಚ್ಚಮ್ಮ ಸೊಸೆಯ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದಳು. ಚಿಕ್ಕ ಮಗು ಹಿಡಿಯುತ್ತದಲ್ಲ, ಹಾಗೆ.

"ಅತ್ತೆ, ಬೇಡ ಅಂದ್ರೆ ಈಗಲೇ ಹೋಗ್ಬಿಡೋಣ," ಎಂದು ಶರ್ಮಿಳಾ ಪಿಸುಗುಟ್ಟಿದಳು.

ಹುಚ್ಚಮ್ಮ ಸೆರಗು ಬಿಟ್ಟು ಮೆಟ್ಟಿಲು ಹತ್ತಿದಳು.

ಮೇಜಿನ ಮೇಲೆ ಫೋನ್. ಗೋಡೆಯ ಮೇಲೆ ಆಳೆತ್ತರದ ಮರ, ಗರಿ ಇಳಿಬಿಟ್ಟಿತ್ತು. "ಒತ್ತಿ ಅಮ್ಮಾ," ಎಂದು ರಾಜಶೇಖರ್ ಮೈಕು ಅವಳ ಹತ್ತಿರ ತಂದ.

ಹುಚ್ಚಮ್ಮ ಬೆರಳು ಮುಂದೆ ಮಾಡಲಿಲ್ಲ. "ಅಲ್ಲಿ ಯಾರಾದ್ರೂ ಅವ್ರಾ?" ಎಂದಳು.

"ಎಲ್ಲಿ ಅಮ್ಮಾ?"

"ಅಲ್ಲಿ. ಆ ಮೋಟಾರ್ ತಾವ."

ಯಾರೋ ನಕ್ಕರು. ರಾಜಶೇಖರ್ ಕೂಡ ನಕ್ಕ. "ಯಾರೂ ಇಲ್ಲ, ಎಲ್ಲಾ ಹೇಳಿಟ್ಟಿದ್ದೀವಿ. ಒತ್ತಿ."

"ನಿಮಗೆ ಹೆಂಗ್ ಗೊತ್ತು?"

ಮೈಕಿನಲ್ಲಿ ಅವಳ ಉಸಿರು ಕೇಳುತ್ತಿತ್ತು. ರಾಜಶೇಖರ್ ಶರ್ಮಿಳಾಳ ಕಡೆ ನೋಡಿದ, ನೀನೇ ಹೇಳು ಎನ್ನುವಂತೆ. ಶರ್ಮಿಳಾ ಆಗಲೇ ತೀರ್ಥಮ್ಮನಿಗೆ ಫೋನ್ ಹಚ್ಚಿದ್ದಳು. ವೇದಿಕೆಗೆ ಹತ್ತಿ ಅದನ್ನು ಮೈಕಿನ ಪಕ್ಕ ಹಿಡಿದಳು. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು.

"ಹಲೋ, ಏನಮ್ಮಾ, ಶುರುವಾಯ್ತಾ?" ತೀರ್ಥಮ್ಮನ ದನಿ ಭವನದ ತುಂಬ ಕೇಳಿತು.

"ಅಕ್ಕಾ, ಅಣ್ಣ ಎಲ್ಲಿದಾರೆ?"

"ಇಲ್ಲೇ ಎಲ್ಲೋ ಅವ್ರೆ. ಇರು, ನೋಡ್ಕಂಡ್ ಬತ್ತೀನಿ."

ತರಗೆಲೆಯ ಮೇಲೆ ಹೆಜ್ಜೆಯ ಸದ್ದು. ನಾಯಿ ಬೊಗಳಿದ್ದು. ಹೆಜ್ಜೆ ನಿಂತಿತು, ಮತ್ತೆ ಶುರುವಾಯಿತು. ಶರ್ಮಿಳಾ ಫೋನನ್ನು ಮೈಕಿಗೆ ಇನ್ನಷ್ಟು ಹತ್ತಿರ ಹಿಡಿದಳು.

"ಅಲ್ಲೇ ಮೋಟಾರ್ ತಾವ ಕೂತವ್ರೆ ಕಣಮ್ಮಾ," ಎಂದಳು ತೀರ್ಥಮ್ಮ. "ಇವತ್ತು ನಮ್ ತೋಟನ ಎಲ್ಲಾರ್ಗೂ ತೋರಿಸ್ತಾರಂತೆ, ಸೋರೋ ಪೈಪು ಕಂಡ್ರೆ ಮಾನ ಹೋಗುತ್ತೆ ಅಂತ ಬೆಳಿಗ್ಗೆಯಿಂದ ಕಟ್ತಾ ಅವ್ರೆ. ವೈರೂ ಬಿಚ್ಕಂಡ್ ಕೂತವ್ರೆ. ಕರೀಲಾ?"

ಹುಚ್ಚಮ್ಮ ಅಲ್ಲೇ ವೇದಿಕೆಯ ಮೇಲೆ ಕುಸಿದು ಕೂತಳು. ಅವಳ ಬಾಯಿಂದ ಬಂದದ್ದು ಅಳುವಲ್ಲ, ಮಾತು. ಯಾರನ್ನೂ ನೋಡದೆ, ಮೇಜಿನ ಕಾಲನ್ನು ನೋಡುತ್ತಾ ಹೇಳಿದಳು: "ಅವತ್ತು ನಮ್ಮನೋರು ಹಿಂಗೇ ಕೂತಿದ್ರು. ಡಬ್ಬಿ ಮೇಲೆ ಟವೆಲ್ ಹಾಕೇ ಕೂತಿದ್ರು. ನಾನು ಅಡುಗೆಮನೇಲಿ ಮರ ಒತ್ತಿ ನಕ್ಕೆ. ಈಗ ನೋಡುದ್ರಲ್ಲ, ಅದೇ ನಗು. ಹೊನ್ನೇಶ ಅಲ್ಲ. ನಾನು."

"ಒತ್ತಿ ಅಂತ ಹೇಳಿದ್ದು ನಾನು ಮಾವ," ಎಂದಳು ಶರ್ಮಿಳಾ. ಮೈಕು ಅವಳ ದನಿಯನ್ನೂ ಹಿಡಿಯಿತು. ಆಮೇಲೆ ರಾಜಶೇಖರನ ಕಡೆ ತಿರುಗಿದಳು. "ಎಲ್ಲಾ ಮನೆಯದೂ ಈಗಲೇ ನಿಲ್ಲಿಸಿ ಸರ್. ಇಲ್ಲೇ, ನನ್ನ ಮುಂದೆ."

ರಾಜಶೇಖರ್ ಮೈಕು ಕೆಳಗಿಟ್ಟ. ಅವನು ಮೇಜಿನ ಮೇಲಿನ ಲ್ಯಾಪ್‌ಟಾಪನ್ನು ಎಳೆದುಕೊಂಡ. ಗೋಡೆಯ ಮೇಲಿದ್ದ ಮರ ಆರಿಹೋಯಿತು. "ಸೋಮವಾರ ಆಫೀಸಿಗೆ ಬಾ, ಮಾತಾಡೋಣ," ಎಂದಷ್ಟೇ ಹೇಳಿದ. ಕೆಲಸ ಇದೆ ಎಂದೋ ಇಲ್ಲ ಎಂದೋ ಆ ದನಿಯಿಂದ ಗೊತ್ತಾಗಲಿಲ್ಲ. ಶರ್ಮಿಳಾಗೆ ಆ ಹೊತ್ತಿಗೆ ಅದು ಬೇಕೂ ಇರಲಿಲ್ಲ. ಅವಳು ಮುಂದಿನ ಸಾಲನ್ನು ನೋಡುತ್ತಿದ್ದಳು. ಕೆಂಚಪ್ಪ ಕುರ್ಚಿಯಿಂದ ಎದ್ದು, ಹೆಂಡತಿಯ ಕಡೆಗಲ್ಲ, ಬಾಗಿಲ ಕಡೆಗೆ ನಡೆದುಹೋಗುತ್ತಿದ್ದ.

ಹಿಂತಿರುಗುವಾಗ ಕಾರು ತರೀಕೆರೆ ರಸ್ತೆಗೆ ತಿರುಗುವ ಕಡೆ ಭೈರೇಶ "ಟೀ ಕುಡೀತೀರಾ ಅಪ್ಪಾ?" ಎಂದ. ಕೆಂಚಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಮನೆಗೆ ಬಂದ ಮೇಲೆ ಹುಚ್ಚಮ್ಮ ಎಂದಿನಂತೆ ಮುದ್ದೆ ಮಾಡಿದಳು, ತಟ್ಟೆ ಇಟ್ಟಳು, ತುತ್ತು ಮುರಿದು ಹಿಡಿದಳು. ಕೆಂಚಪ್ಪ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಎಡಗೈಯಲ್ಲಿ ಉಂಡ. ಸಾರು ಮೊಣಕೈ ತನಕ ಇಳಿಯಿತು. ಹಿಡಿದ ತುತ್ತು ಅವಳ ಕೈಯಲ್ಲೇ ಉಳಿಯಿತು. ಎಲ್ಲಿಡಬೇಕೆಂದು ತಿಳಿಯದೆ ಅವಳು ಅದನ್ನು ಹಿಡಿದೇ ಕೂತಿದ್ದಳು.

ಉಂಡು ಮುಗಿದ ಮೇಲೆ ಅವನು ಭೈರೇಶನಿಗೆ, "ಹೊನ್ನೇಶನ್ನ ಕರ್ಕಂಡ್ ಬಾ," ಎಂದ.

ಹೊನ್ನೇಶ ಬಂದು ಹೊಸ್ತಿಲ ಆಚೆ ನಿಂತ. ಅಪ್ಪನೂ ಮಗನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಟೊಮೇಟೊ ಹೆಂಗೈತೆ?"

"ಒಣಗೋಯ್ತು."

"ಉಣ್ಣು."

ಹೊನ್ನೇಶ ಒಳಗೆ ಬಂದು ಕೂತ. ಹುಚ್ಚಮ್ಮ ಮಗನಿಗೆ ಬಡಿಸಲು ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡಳು. "ಬಡ್ಸವ್ವಾ, ಹಸಿವಾಗೈತೆ. ಆ ಹೋಟ್ಲು ಸಾರು ತಿಂದು ತಿಂದು ನಾಲ್ಗೆ ಸತ್ತೋಗೈತೆ," ಎಂದ ಅವನು. ಆಗ ಬಡಿಸಿದಳು.

ಎರಡು ದಿನ ಕೆಂಚಪ್ಪ ಹೆಂಡತಿಯೊಡನೆ ಮಾತಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು ಎನ್ನಿಸುವಂಥ ಮೌನ. ಹುಚ್ಚಮ್ಮ ಮನೆಯೊಳಗೆ ಸದ್ದಿಲ್ಲದೆ ಓಡಾಡುತ್ತಿದ್ದಳು, ಯಾವಾಗ ಬೇಕಾದರೂ ಹೊರಡು ಎನ್ನಬಹುದು ಎಂಬಂತೆ. ಹಿತ್ತಿಲಿನಿಂದ ಬಂದಾಗಲೆಲ್ಲ ಶರ್ಮಿಳಾಗೆ ಭಯ: ಅತ್ತೆ ಎಲ್ಲಿ? ಬಾವಿಕಟ್ಟೆಯ ಕಡೆ ಹೋದರಾ? ಕೋಣೆಯಿಂದ ಕೋಣೆಗೆ ಹುಡುಕುವಳು. ಅತ್ತೆ ಎಲ್ಲೋ ಕತ್ತಲ ಮೂಲೆಯಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿರುವಳು.

ಮೂರನೆಯ ಬೆಳಿಗ್ಗೆ ಕೆಂಚಪ್ಪ ಅಂಗಳದಲ್ಲಿ ನಿಂತು, "ಬಾ," ಎಂದ.

ಯಾರನ್ನು ಕರೆದನೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಅವನು ಮತ್ತೆ, "ಬಾರೇ," ಎಂದ. ಹುಚ್ಚಮ್ಮ ಒಲೆಯ ಮುಂದಿನಿಂದ ಎದ್ದು ಹೊರಗೆ ಬಂದಳು. ಇಬ್ಬರೂ ತೋಟದ ದಾರಿ ಹಿಡಿದರು, ಅವನು ಮುಂದೆ, ಅವಳು ಹಿಂದೆ. ಶರ್ಮಿಳಾಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಸ್ವಲ್ಪ ದೂರ ಬಿಟ್ಟು ಹಿಂಬಾಲಿಸಿದಳು. ನೀರು ಕಾಣದ ಪಾತಿಗಳಲ್ಲಿ ಮಣ್ಣು ಬಿರುಕುಬಿಟ್ಟಿತ್ತು.

ಮೋಟಾರು ಮನೆಯ ಮುಂದೆ ಕೆಂಚಪ್ಪ ನಿಂತ. ಕೊಳವೆಬಾವಿಯ ಬಾಯಿಯ ಜಾಯಿಂಟಿಗೆ ಹೊನ್ನೇಶ ಹಿಂದಿನ ದಿನವೇ ಹೊಸ ಟೇಪು ಸುತ್ತಿದ್ದ. ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದು ತೋಟದ ಕಡೆ ತಿರುಗಿ ಕೂಗಿದ: "ಯಾರಾದ್ರೂ ಇದ್ದೀರೇನ್ರೋ?"

ಗರಿಗಳು ಅಲುಗಿದವು. ಯಾರೂ ಓಗೊಡಲಿಲ್ಲ. ಇನ್ನೊಂದು ದಿಕ್ಕಿಗೆ ತಿರುಗಿ ಮತ್ತೆ ಕೂಗಿದ. ಕಾದ. ಡಬ್ಬಿಯ ಬಾಗಿಲು ತೆಗೆದ. ಗುಂಡಿಯ ಹತ್ತಿರ ಬೆರಳು ತಂದ, ಅದು ಅಲ್ಲೇ ನಿಂತಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

"ನನ್ ಕೈಲಾಗ್ತಿಲ್ಲ," ಎಂದ. "ನೀನ್ ಒತ್ತು."

ಹುಚ್ಚಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಬ್ಯಾಡಿ, ನನ್ನ ಕೊಂದಾಕ್ಬಿಡಿ ಬೇಕಾದ್ರೆ, ಇದೊಂದ್ ಹೇಳ್ಬ್ಯಾಡಿ."

"ನಾನ್ ಇಲ್ಲೇ ನಿನ್ ಪಕ್ಕ ಇದ್ದೀನಲ್ಲೇ," ಎಂದ ಕೆಂಚಪ್ಪ. "ಒತ್ತು."

ಅವಳು ತುಂಬ ಹೊತ್ತು ಅವನನ್ನು ನೋಡಿದಳು. ಅವನು ಅಲ್ಲಿರುವುದು ನಿಜವೇ ಎಂದು ಪರೀಕ್ಷಿಸುವಂತೆ, ತಲೆಯಿಂದ ಕಾಲಿನ ತನಕ. ಆಮೇಲೆ ಎಡಗೈಯಿಂದ ಅವನ ಪಟ್ಟಿಯಿಲ್ಲದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣು ಮುಚ್ಚಿ ಬಲಗೈಯನ್ನು ಮುಂದೆ ಮಾಡಿದಳು.

ಮೋಟಾರು ಗುಡುಗಿತು. ಇಬ್ಬರೂ ಒಟ್ಟಿಗೇ ಬೆಚ್ಚಿದರು. ಭೂಮಿಯೊಳಗಿನಿಂದ ನೀರು ಹತ್ತಿ ಬಂದು ಪೈಪಿನ ಬಾಯಿಂದ ಸುರಿಯಿತು, ಕಾಲುವೆಯಲ್ಲಿ ಹರಿದು ಮೊದಲ ಪಾತಿಗೆ ತಿರುಗಿತು. ಹುಚ್ಚಮ್ಮ ಕಣ್ಣು ತೆರೆದು ಮೊದಲು ನೋಡಿದ್ದು ನೀರನ್ನಲ್ಲ. ಪಾತಿ ತುಂಬುವ ತನಕ ಅವಳು ಅವನ ಕೈ ಬಿಡಲಿಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ.